ನಿಮಗಿದು ಗೊತ್ತೇ? ವೈರುಗಳಿಗೆ ಹೆಸರು ಬರೆಯುವ ಯಂತ್ರ

ಅಂಗಡಿ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದಲ್ಲ? ಕೆಲವು ಅಗ್ಗದ ಲೇಬಲ್ ಯಂತ್ರಗಳೂ ಅದೇ ವಿಧಾನದವು. ಶಾಯಿ ಇಲ್ಲ, ಬಿಸಿ ತಗುಲಿದ ಕಡೆ ಟೇಪು ಕಪ್ಪಾಗುತ್ತದೆ. ಫೈಲಿಗೆ, ಡಬ್ಬಿಗೆ ಸಾಕು. ಬಿಸಿಲಿಗೆ ಬಿದ್ದಿರುವ ಸಿಸಿಟಿವಿ ಕೇಬಲ್ಲಿಗೆ ಖಂಡಿತ ಬೇಡ. ಅಲ್ಲಿಗೆ ರಿಬ್ಬನ್ನಿನ ಶಾಯಿಯನ್ನು ಟೇಪಿಗೆ ಹತ್ತಿಸುವ ಯಂತ್ರವೇ ಬೇಕು.

ಬ್ರದರ್ ಕಂಪನಿಯ ಪಿ-ಟಚ್ ಯಂತ್ರಗಳ ಲ್ಯಾಮಿನೇಟ್ ಟೇಪಿನಲ್ಲಿ ಅಕ್ಷರ ಮೇಲ್ಮೈಯಲ್ಲಿ ಇರುವುದೇ ಇಲ್ಲ! ಪಾರದರ್ಶಕ ಪದರದ ಹಿಂಬದಿಗೆ ತಿರುವುಮುರುವಾಗಿ ಅಚ್ಚಾಗಿ, ಅದರ ಬೆನ್ನಿಗೆ ಬಣ್ಣದ ಅಂಟುಪದರ ಕೂಡಿಕೊಳ್ಳುತ್ತದೆ. ಎಷ್ಟು ಉಜ್ಜಿ ಒರೆಸಿದರೂ ಅಕ್ಷರ ಅಳಿಯದಿರುವುದು ಇದರಿಂದಲೇ.

ಇದೇ ಗಟ್ಟಿ ಟೇಪನ್ನು ತೆಳು ವೈರಿಗೆ ಸುತ್ತಿ ನೋಡಿ, ಅಂಚು ಎದ್ದುಬರುತ್ತದೆ. ಕೇಬಲ್ಲಿಗೆಂದೇ ಬಳುಕುವ ಟೇಪು ಬೇರೆ ಸಿಗುತ್ತದೆ. ಹಾಗಾಗಿ ಮೊದಲು ಟೇಪನ್ನು ಆರಿಸಿ, ಆಮೇಲೆ ಯಂತ್ರವನ್ನು. ಒಂದು ಕಂಪನಿಯ ಕ್ಯಾಸೆಟ್ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ.

6 ಮಿ.ಮೀ. ದಪ್ಪದ ನೆಟ್‌ವರ್ಕ್ ಕೇಬಲ್ಲಿನ ಸುತ್ತಳತೆ ಸುಮಾರು 19 ಮಿ.ಮೀ. ಒಂದು ಸುತ್ತು ಬಂದು ಮೇಲೊಂದಿಷ್ಟು ಹೊದೆಯುವಷ್ಟು ಉದ್ದದ ಲೇಬಲ್ ಇಟ್ಟುಕೊಳ್ಳಿ. ಇನ್ನೂ ತೆಳುವಾದ ವೈರಿಗೆ ಬಾವುಟದಂತೆ ಎರಡು ತುದಿ ಕೂಡಿಸಿ ಅಂಟಿಸಿದರೆ ಓದಲು ಸುಲಭ.

ಬಿಸಿಗಾಳಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆಯ ಮೇಲೂ ಹೆಸರು ಅಚ್ಚಾಗುತ್ತದೆ. ಪ್ಯಾನೆಲ್ ಕೆಲಸಕ್ಕೆ ಇದಕ್ಕಿಂತ ಬಾಳಿಕೆಯ ಗುರುತು ನನಗೆ ಕಂಡಿಲ್ಲ. ಆದರೆ ತುದಿಗೆ ಕನೆಕ್ಟರ್ ಹಾಕುವ ಮೊದಲೇ ಕೊಳವೆ ತೂರಿಸಬೇಕು.

ಹಲವು ಯಂತ್ರಗಳಲ್ಲಿ ಪ್ರತಿ ಲೇಬಲ್ಲಿನ ಮುಂದೆ 2 ಸೆಂ.ಮೀ.ಗೂ ಹೆಚ್ಚು ಖಾಲಿ ಟೇಪು ಹೊರಬರುತ್ತದೆ. ಅಚ್ಚಾಗುವ ಜಾಗಕ್ಕೂ ಕತ್ತರಿಸುವ ಬ್ಲೇಡಿಗೂ ಇರುವ ಅಂತರ ಅದು. ಹೆಸರುಗಳನ್ನೆಲ್ಲ ಸಾಲಾಗಿ ಅಚ್ಚುಹಾಕಿ ಕೊನೆಗೆ ಬಿಡಿಸಿಕೊಂಡರೆ 8 ಮೀಟರಿನ ಟೇಪು ಬಹಳ ದಿನ ಬರುತ್ತದೆ.

1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಡೈಮೊ ಕಂಪನಿಯ ಹಳೆಯ ಕೈಯಂತ್ರಕ್ಕೆ ಶಾಯಿಯೂ ಬೇಡ, ಕರೆಂಟೂ ಬೇಡ. ಅಕ್ಷರ ಒತ್ತಿದ ಕಡೆ ಪ್ಲಾಸ್ಟಿಕ್ ಹಿಗ್ಗಿ ತಾನೇ ಬಿಳಿಯಾಗುತ್ತದೆ.

ಕನ್ನಡದಲ್ಲೇ ಹೆಸರು ಬೇಕೆ? ಕೀಲಿಮಣೆ ಇರುವ ಸಾಮಾನ್ಯ ಯಂತ್ರಗಳಲ್ಲಿ ನಮ್ಮ ಲಿಪಿ ಇರುವುದಿಲ್ಲ. ಮೊಬೈಲಿಗೋ ಕಂಪ್ಯೂಟರಿಗೋ ಜೋಡಿಸುವಂಥದ್ದನ್ನು ಕೊಳ್ಳಿ. ಅಲ್ಲಿ ಬರೆದದ್ದು ಚಿತ್ರವಾಗಿ ಅಚ್ಚಾಗುವುದರಿಂದ ‘ಪಂಪ್‌ಸೆಟ್’, ‘ಅಡುಗೆಮನೆ’ ಎಲ್ಲವೂ ಬರುತ್ತದೆ.

ಲೇಬಲ್ ಕೇಬಲ್ಲಿನ ಎರಡೂ ತುದಿಗಿರಲಿ. ಅಡಾಪ್ಟರಿಗಾದರೆ ಯಾವ ಉಪಕರಣದ್ದು, ಎಷ್ಟು ವೋಲ್ಟಿನದು ಎಂದು ಪಿನ್ನಿನ ಪಕ್ಕದಲ್ಲೇ ಅಂಟಿಸಿ. 5 ವೋಲ್ಟಿನದಕ್ಕೂ 12 ವೋಲ್ಟಿನದಕ್ಕೂ ಒಂದೇ ಬಗೆಯ ಪಿನ್ ಇರಬಹುದು. ತಪ್ಪಾಗಿ ಚುಚ್ಚಿದರೆ ಉಪಕರಣವೇ ಸುಟ್ಟೀತು.