ದೋಣಿಗೆ ಆಳು ಸಾಲದ ದ್ವೀಪ



ಕಳೆದ ಓದಿನ ಸಂಜೆಯಲ್ಲಿ ನಾ. ಡಿಸೋಜರ ‘ದ್ವೀಪ’ದ ಮಾತು ಬಂದಿತ್ತು. ಅಣೆಕಟ್ಟಿನ ನೀರು ಏರುತ್ತಿದ್ದರೂ ಮನೆ ಬಿಡದ ಸಂಸಾರದ ಕಥೆ ಅದು. ಗಿರೀಶ್ ಕಾಸರವಳ್ಳಿಯವರು ಮಾಡಿದ ಸಿನಿಮಾವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇವೆ. ಚರ್ಚೆ ಮುಗಿದು ಕಾಫಿ ಕುಡಿಯುವಾಗ ಒಬ್ಬರು ಕೇಳಿದರು: “ಈ ಬ್ರಿಟನ್ನಿನಲ್ಲೂ ಹಾಗೆ ಖಾಲಿಯಾದ ದ್ವೀಪ ಇದೆಯಲ್ಲ, ಊಟದ ತಟ್ಟೆ ಮೇಜಿನ ಮೇಲೆ ಬಿಟ್ಟು ಜನ ಮಾಯವಾದರಂತೆ, ಅದೇನು ಕಥೆ?” ನಾನು ತಿಳಿದವನಂತೆ ಉತ್ತರ ಹೇಳಿದೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಎರಡು ಬೇರೆ ಬೇರೆ ದ್ವೀಪಗಳ ಕಥೆಯನ್ನು ಕಲಸಿ ಹೇಳಿಬಿಟ್ಟಿದ್ದೆ! ಆ ತಪ್ಪು ತಿದ್ದುವ ನೆಪದಲ್ಲಿ ಈ ಬರಹ.

ತಟ್ಟೆಯ ಕಥೆ ಫ್ಲ್ಯಾನನ್ ದ್ವೀಪಗಳದ್ದು. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಲೂಯಿಸ್ ದ್ವೀಪವಿದೆ, ಅದರ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ದೂರದಲ್ಲಿ ಈ ಬಂಡೆಗಳು. ಅಲ್ಲಿ ಊರಿರಲಿಲ್ಲ. ಇದ್ದದ್ದು 1899ರ ಡಿಸೆಂಬರಿನಲ್ಲಿ ಮೊದಲ ಸಲ ದೀಪ ಹಚ್ಚಿದ ಒಂದು ದೀಪಸ್ತಂಭ, ಅದನ್ನು ನೋಡಿಕೊಳ್ಳುವ ಮೂವರು. 1900ರ ಡಿಸೆಂಬರ್ 26ರಂದು ‘ಹೆಸ್ಪರಸ್’ ಹಡಗು ಬದಲಿ ಕಾವಲುಗಾರನನ್ನು ಕರೆತಂದಾಗ ಒಬ್ಬರೂ ಇರಲಿಲ್ಲ. ಹಲಗೆಯ ಮೇಲಿನ ಕೊನೆಯ ಟಿಪ್ಪಣಿ ಡಿಸೆಂಬರ್ 15ರ ಬೆಳಗಿನದು.

ತಟ್ಟೆ ಎಲ್ಲಿಂದ ಬಂತು? 1912ರಲ್ಲಿ ವಿಲ್ಫ್ರಿಡ್ ಗಿಬ್ಸನ್ ಎಂಬ ಕವಿ ಈ ಘಟನೆಯ ಮೇಲೆ ಒಂದು ಕವಿತೆ ಬರೆದ. ಮುಟ್ಟದ ಊಟ, ಉರುಳಿದ ಕುರ್ಚಿ ಆ ಕವಿತೆಯವು. ಮೊದಲು ಒಳಗೆ ಹೋದ ಕಾವಲುಗಾರನ ಹೇಳಿಕೆಯ ಪ್ರಕಾರ ಅಡುಗೆಮನೆಯ ಪಾತ್ರೆಗಳು ತೊಳೆದು ಶುಚಿಯಾಗಿದ್ದವು. ಕಾವಲುಗಾರರು ಅಳುತ್ತಿದ್ದರು, ಪ್ರಾರ್ಥಿಸುತ್ತಿದ್ದರು ಎಂಬ ‘ದಿನಚರಿ’ಯೂ ಆಮೇಲೆ ಅಮೆರಿಕದ ಒಂದು ರೋಚಕ ಪತ್ರಿಕೆಯ ಮೂಲಕ ಹರಡಿದ ಕಟ್ಟುಕಥೆ. ತನಿಖೆಗೆ ಬಂದ ಅಧಿಕಾರಿ ಕಂಡದ್ದೇ ಬೇರೆ. ಪಶ್ಚಿಮದ ಇಳಿದಾಣದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 110 ಅಡಿ ಎತ್ತರದಲ್ಲಿ, ಹಗ್ಗದ ಪೆಟ್ಟಿಗೆ ಕೊಚ್ಚಿಹೋಗಿತ್ತು. ಕಬ್ಬಿಣದ ಕಂಬಿಗಳು ಬಾಗಿದ್ದವು. ಸಾಮಾನು ಭದ್ರಪಡಿಸಲು ಹೋದವರನ್ನು ದೊಡ್ಡ ಅಲೆ ಎಳೆದೊಯ್ದಿರಬೇಕೆಂದು ಆತ ವರದಿ ಬರೆದ. ಕಂಡವರಿಲ್ಲದ ಕಾರಣ ಇದು ಊಹೆಯೇ. ಆದರೂ ಆ ಕಂಬಿಗಳನ್ನು ನೆನೆದರೆ ನಂಬುವಂಥ ಊಹೆ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಬಾಗಿದ ಕಂಬಿಯಲ್ಲ, ಕವಿಯ ಕುರ್ಚಿ. ಸಾಹಿತ್ಯದ ಬಳಗದವರು ನಾವು, ಇದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ ನೀವೇ ಹೇಳಿ.

ನಿಜವಾಗಿ ಊರೊಂದು ಖಾಲಿಯಾದದ್ದು ಅಲ್ಲಿಂದ ಇನ್ನೂ ನೈಋತ್ಯಕ್ಕಿರುವ ಸೇಂಟ್ ಕಿಲ್ಡಾ ದ್ವೀಪಗಳಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ, ಅತಿ ಸಮೀಪದ ಜನವಸತಿಯಿಂದಲೂ ಸುಮಾರು 64 ಕಿಲೋಮೀಟರ್ ಆಚೆ. ಹೆಸರೇ ಒಂದು ಒಗಟು: ಕಿಲ್ಡಾ ಎಂಬ ಸಂತರು ಯಾರೂ ಇರಲಿಲ್ಲ. ನಕ್ಷೆ ಬರೆಯುವವರ ಕೈತಪ್ಪಿನಿಂದ ಹುಟ್ಟಿದ ಸಂತರೆಂಬ ವಾದವೂ ಇದೆ. ಅಲ್ಲಿಯವರು ಕರೆಯುತ್ತಿದ್ದದ್ದು ಹಿರ್ಟಾ ಎಂದು. ಜನರಿದ್ದ ದ್ವೀಪ ಅದೊಂದೇ. ಅವರ ಮಾತು ಗೇಲಿಕ್. ಮರ ಬೆಳೆಯದ ಆ ನೆಲದಲ್ಲಿ ಸ್ವಲ್ಪ ಬಾರ್ಲಿ, ಓಟ್ಸ್, ಕುರಿ, ಉಳಿದದ್ದೆಲ್ಲ ಕಡಲಹಕ್ಕಿ. 400 ಮೀಟರಿಗೂ ಎತ್ತರದ ಕಡಿದಾದ ಬಂಡೆಗಳಲ್ಲಿ ಬರಿಗಾಲಲ್ಲಿ ಹಗ್ಗ ಹಿಡಿದು ಇಳಿದು ಹಕ್ಕಿ, ಮೊಟ್ಟೆ ತರುತ್ತಿದ್ದರು. ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ, ಪುಕ್ಕ ಜಮೀನ್ದಾರನ ಗೇಣಿಗೆ. ಪ್ರತಿದಿನ ಬೆಳಿಗ್ಗೆ ಗಂಡಸರೆಲ್ಲ ಬೀದಿಯಲ್ಲಿ ಸೇರಿ ಅವತ್ತಿನ ಕೆಲಸ ತೀರ್ಮಾನಿಸುತ್ತಿದ್ದರು. ಹೊರಗಿನವರು ಅದನ್ನು ತಮಾಷೆಗೆ ‘ಪಾರ್ಲಿಮೆಂಟ್’ ಎಂದರು. ನಮ್ಮ ಅರಳಿಕಟ್ಟೆ ಎನ್ನಿ.

ಇಂಥ ಕಡೆ ಬದುಕು ನಿಂತಿರುವುದು ದೋಣಿಯ ಮೇಲೆ. ಪಕ್ಕದ ಬಂಡೆಗಳಿಗೆ ಹಕ್ಕಿ ಹಿಡಿಯಲು ಹೋಗುವುದಕ್ಕೂ ದೋಣಿ, ಹೋದವರನ್ನು ವಾಪಸು ತರುವುದಕ್ಕೂ ದೋಣಿ. ದೋಣಿಗೆ ಬೇಕಾದದ್ದು ರಟ್ಟೆಯಲ್ಲಿ ಕಸುವಿರುವ ಜನ. 1727ರ ಆಗಸ್ಟಿನಲ್ಲಿ ಮೂವರು ಗಂಡಸರು, ಎಂಟು ಹುಡುಗರು ಸ್ಟಾಕ್ ಆನ್ ಆರ್ಮಿನ್ ಎಂಬ ಕಡಲಬಂಡೆಗೆ ಇಳಿದರು. ಕರೆದೊಯ್ಯಲು ಯಾರೂ ಬರಲಿಲ್ಲ. ಒಂದಿಡೀ ಚಳಿಗಾಲವನ್ನು ಆ ಬಂಡೆಯ ಮೇಲೆ ಕಳೆದು ಮರುವರ್ಷದ ಮೇ ತಿಂಗಳಲ್ಲಿ ಪಾರಾದರು. ಮನೆಗೆ ಬಂದರೆ ಊರೇ ಬರಿದಾಗಿತ್ತು. ಸಿಡುಬು ಹೊಡೆದು, ದೋಣಿ ನಡೆಸುವಷ್ಟು ಜನವೂ ಉಳಿದಿರಲಿಲ್ಲ.

ಆ ಸಲ ಊರು ಅಳಿಯಲಿಲ್ಲ. ಹ್ಯಾರಿಸ್ ದ್ವೀಪದಿಂದ ಹೊಸ ಸಂಸಾರಗಳು ಬಂದು ನೆಲೆಸಿದವು. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಹಿರ್ಟಾದ ನಿಜವಾದ ನಿಗೂಢಗಳು ದೆವ್ವದವಲ್ಲ, ಕಾಯಿಲೆಯವು. ಹೊರಗಿನ ದೋಣಿ ಬಂದಾಗಲೆಲ್ಲ ಊರಿಗೆ ಊರೇ ನೆಗಡಿ ಕೆಮ್ಮಿನಲ್ಲಿ ಮಲಗುತ್ತದೆಂದು ಅವರು ಹೇಳುತ್ತಿದ್ದರು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ನಂಬಲಿಲ್ಲ. ಇಂದು ನಮಗೆ ಅದರಲ್ಲಿ ಆಶ್ಚರ್ಯವಿಲ್ಲ. ಹೊರಗಿನ ರೋಗಾಣುಗಳ ಪರಿಚಯವೇ ಇಲ್ಲದ ಮೈಗಳವು. ಎರಡನೆಯದು ಇನ್ನೂ ಘೋರ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದೆರಡು ವಾರದೊಳಗೆ ದವಡೆ ಬಿಗಿದು ಸಾಯುತ್ತಿದ್ದವು. ದೈವೇಚ್ಛೆ ಎಂದುಕೊಂಡಿದ್ದರು. ಅದು ಹೊಕ್ಕುಳಬಳ್ಳಿಯ ಗಾಯದಿಂದ ಏರುವ ಧನುರ್ವಾಯು. 1890ರ ದಶಕದಲ್ಲಿ ಅಲ್ಲಿನ ಪಾದ್ರಿ ಆಂಗಸ್ ಫಿಡ್ಸ್ ಗ್ಲಾಸ್ಗೋಗೆ ಹೋಗಿ ಶುಚಿಯಾದ ಹೆರಿಗೆಯ ಕ್ರಮ ಕಲಿತುಬಂದು ಹೇಳಿಕೊಟ್ಟ ಮೇಲೆ ಅದು ನಿಂತಿತು. ಅಷ್ಟರಲ್ಲಿ ಎಷ್ಟು ತಲೆಮಾರಿನ ರಟ್ಟೆಗಳು ಮಣ್ಣಾಗಿದ್ದವು!

ಜನ ಹೊರಗೂ ಹೋದರು. 1852ರಲ್ಲಿ 36 ಮಂದಿ, ಎಂದರೆ ಊರಿನ ಸುಮಾರು ಮೂರರಲ್ಲೊಂದು ಪಾಲು, ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಹಲವರು ದಾರಿಯಲ್ಲೇ ತೀರಿಕೊಂಡರು. ಆಮೇಲೆ ಬೇಸಿಗೆಯ ಪ್ರವಾಸಿ ಹಡಗುಗಳು ಬರತೊಡಗಿದವು. ಹಕ್ಕಿ ಮೊಟ್ಟೆ, ಉಣ್ಣೆಬಟ್ಟೆ ಮಾರಿ ಕಾಸು ಬಂತು. ಕಾಸಿನ ಜೊತೆ ಹೊರಗಿನ ಸಾಮಾನಿನ ಅಭ್ಯಾಸವೂ ಬಂತು. ಚಳಿಗಾಲದಲ್ಲಿ ಹಡಗಿಲ್ಲ. ಆಗ ಕಾಗದ ಕಳಿಸಲು ಅವರಿಗಿದ್ದ ಉಪಾಯ ಕೇಳಿ: ಮರದ ತುಂಡನ್ನು ದೋಣಿಯಂತೆ ಕೊರೆದು, ಒಳಗೆ ಡಬ್ಬಿಯಲ್ಲಿ ಪತ್ರವಿಟ್ಟು, ತೇಲಲು ಕುರಿಯ ಮೂತ್ರಕೋಶ ಕಟ್ಟಿ, ವಾಯವ್ಯದ ಗಾಳಿ ನೋಡಿ ಕಡಲಿಗೆ ಬಿಡುವುದು. ಕೆಲವು ಸ್ಕಾಟ್ಲೆಂಡ್ ಸೇರಿದವು, ಕೆಲವು ನಾರ್ವೆ. ಈ ಪತ್ರಿಕೆ ನಿಮ್ಮ ಇನ್‌ಬಾಕ್ಸಿಗೆ ತಡವಾಗಿ ಬಂತೆಂದು ದೂರುವವರು ದಯವಿಟ್ಟು ಇದನ್ನು ಗಮನಿಸಬೇಕು.

ಮೊದಲ ಮಹಾಯುದ್ಧದಲ್ಲಿ ಅಲ್ಲಿ ನೌಕಾಪಡೆಯ ತುಕಡಿ ಇತ್ತು. 1918ರ ಮೇನಲ್ಲಿ ಜರ್ಮನ್ ಸಬ್‌ಮರೀನ್ ಒಂದು ಬಂದು ನಿಸ್ತಂತು ಕೇಂದ್ರದ ಮೇಲೆ ಗುಂಡು ಹಾರಿಸಿತು, ಯಾರೂ ಸಾಯಲಿಲ್ಲ. ಯುದ್ಧ ಮುಗಿದು ತುಕಡಿ ಹೊರಟಾಗ ಸಂಬಳದ ಕೆಲಸ, ನಿಯಮಿತ ಟಪಾಲು ಎರಡೂ ಹೋದವು. ಹರೆಯದವರು ಒಬ್ಬೊಬ್ಬರಾಗಿ ಹೊರಟರು. 1920ರಲ್ಲಿ 73 ಇದ್ದ ಜನ 1928ಕ್ಕೆ 37. ಸಾಲದೆಂಬಂತೆ 1926ರ ಇನ್‌ಫ್ಲುಯೆಂಜಾ ನಾಲ್ವರು ಗಂಡಸರನ್ನು ಕೊಂಡೊಯ್ದಿತ್ತು. 1930ರ ಜನವರಿಯಲ್ಲಿ ಕಾಯಿಲೆಬಿದ್ದ ಒಬ್ಬ ತಾಯಿಯನ್ನು ಗ್ಲಾಸ್ಗೋ ಆಸ್ಪತ್ರೆಗೆ ಸಾಗಿಸಿದರೂ ಆಕೆ ಬದುಕಲಿಲ್ಲ. ಅಪೆಂಡಿಸೈಟಿಸ್ ಎಂದೇ ದಶಕಗಳ ಕಾಲ ಎಲ್ಲರೂ ನಂಬಿದ್ದರು. ಹೆರಿಗೆಯ ನಂತರ ಬೇರೆ ಕಾಯಿಲೆಯಿಂದ ಸತ್ತದ್ದೆಂದು ದಾಖಲೆಗಳಿಂದ ತಿಳಿದದ್ದು ಬಹಳ ತಡವಾಗಿ.

ಆ ವರ್ಷ ಮೇ 10ರಂದು ದ್ವೀಪದವರು ಸರಕಾರಕ್ಕೆ ಒಂದು ಅರ್ಜಿ ಬರೆದರು. ನರ್ಸ್ ಮತ್ತು ಮಿಷನರಿಯ ನೆರವಿನಿಂದ ಬರೆದ ಅರ್ಜಿ, 20 ಜನರ ರುಜು. ಅದರ ಸಾರ ಇಷ್ಟೆ: ಕೆಲವು ಗಂಡಸರು ಈ ವರ್ಷ ಹೋಗಲು ನಿಶ್ಚಯಿಸಿದ್ದಾರೆ, ಅವರು ಹೋದರೆ ಉಳಿದವರಿಂದ ಕೆಲಸ ಸಾಗುವುದಿಲ್ಲ, ಎಲ್ಲರನ್ನೂ ಕರೆದುಕೊಂಡು ಹೋಗಿ. ಮತ್ತೆ ಅದೇ ದೋಣಿಯ ಲೆಕ್ಕ! ಅದರಲ್ಲಿ ಇನ್ನೊಂದು ಮಾತಿದೆ: ನಮ್ಮನ್ನು ಒಂದೇ ಕಡೆ ಒಟ್ಟಿಗೆ ಇರಿಸಿ ಎಂದು ನಾವು ಕೇಳುತ್ತಿಲ್ಲ. ಶತಮಾನಗಳ ಕಾಲ ದಿನಾ ಬೆಳಿಗ್ಗೆ ಒಟ್ಟು ಸೇರಿ ತೀರ್ಮಾನಿಸಿದವರ ಕೊನೆಯ ತೀರ್ಮಾನ ಅದು.

ಆಗಸ್ಟ್ 29ರ ಬೆಳಿಗ್ಗೆ 36 ಜನ ‘ಹೇರ್‌ಬೆಲ್’ ಎಂಬ ನೌಕಾಪಡೆಯ ಹಡಗು ಹತ್ತಿದರು. ಪ್ರತಿ ಮನೆಯಲ್ಲಿ ತೆರೆದ ಬೈಬಲ್, ಪಕ್ಕದಲ್ಲಿ ಒಂದು ಹಿಡಿ ಓಟ್ಸ್ ಇಟ್ಟು ಬೀಗ ಹಾಕಿದರು. ಒಂದು ಮನೆಯಲ್ಲಿ ಬೈಬಲ್ ತೆರೆದದ್ದು ವಿಮೋಚನಕಾಂಡಕ್ಕೆ. ನಾಯಿಗಳನ್ನು ಅದಕ್ಕೆ ಮೊದಲೇ ಕಡಲಲ್ಲಿ ಮುಳುಗಿಸಿದ್ದರು. ಹಡಗಿನಲ್ಲಿ ಮೊದಮೊದಲು ಗೆಲುವಾಗಿಯೇ ಇದ್ದರಂತೆ. ದ್ವೀಪ ಕಣ್ಮರೆಯಾಗುವಾಗ ಅತ್ತರು. ಮುಂದೆ ಹಲವರಿಗೆ ಸರಕಾರ ಕೊಟ್ಟ ಕೆಲಸ ಅರಣ್ಯ ಇಲಾಖೆಯಲ್ಲಿ, ಮರವೇ ಇಲ್ಲದ ಊರಿನಿಂದ ಬಂದವರಿಗೆ!

ಇದೇ ನಾನು ಸಭೆಯಲ್ಲಿ ತಪ್ಪಾಗಿ ಹೇಳಿದ್ದು. ಹಿರ್ಟಾದಲ್ಲಿ ಯಾರೂ ಊಟ ಬಿಟ್ಟು ಎದ್ದುಹೋಗಲಿಲ್ಲ. ಅರ್ಜಿ ಬರೆದು, ಮನೆ ಗುಡಿಸಿ, ಬೀಗ ಹಾಕಿ ಹೋದರು. ‘ಮಾಯವಾದರು’ ಎಂದರೆ ನಮಗೆ ಒಂದು ಅನುಕೂಲವಿದೆ: ಕಾರಣ ಹುಡುಕಬೇಕಾಗಿಲ್ಲ. ಜನ ಹೋಗುವುದರಿಂದ ಮಾತ್ರ ಊರು ಸಾಯುವುದಿಲ್ಲ. 1727ರಲ್ಲಿ ಜನ ತೀರಾ ಕಡಿಮೆಯಾಗಿದ್ದರೂ ಹೊಸಬರು ಬಂದರು, ಊರು ಉಳಿಯಿತು. 1930ರಲ್ಲಿ ಬರುವವರೇ ಇರಲಿಲ್ಲ.

ಇದನ್ನು ಬರೆಯುವಾಗ ಮಲೆನಾಡಿನ ನಮ್ಮ ಮನೆಯ ಬೀಗದ ಕೈ ನನ್ನ ಮೇಜಿನ ಖಾನೆಯಲ್ಲೇ ಇದೆ. ನಾನು ಹೊರಟಾಗ ಮನೆಯಲ್ಲಿ ಒಂಬತ್ತು ಜನ ಇದ್ದರು. ನಾನೊಬ್ಬ ಹೋದರೆ ಏನು ಮಹಾ ಎಂದುಕೊಂಡಿದ್ದೆ. ಆಮೇಲೆ ತಮ್ಮನೂ ಹಾಗೇ ಅಂದುಕೊಂಡ, ದೊಡ್ಡಪ್ಪನ ಮಕ್ಕಳೂ ಅಂದುಕೊಂಡರು. ಪ್ರತಿಯೊಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ಕೊನೆಗೆ ಅಡಿಕೆ ಕೊಯ್ಲಿಗೆ ಆಳು ಸಿಗದೆ ಚಿಕ್ಕಪ್ಪ ತೋಟ ಮಾರಿದರು.

ಹಿರ್ಟಾದಲ್ಲಿ ಹುಟ್ಟಿ ಅವತ್ತು ಹಡಗು ಹತ್ತಿದವರಲ್ಲಿ ಕೊನೆಯವರು 2016ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊರಟಾಗ ಅವರಿಗೆ ಎಂಟು ವರ್ಷ. ದ್ವೀಪ ಈಗ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿನದು, ಯುನೆಸ್ಕೋ ವಿಶ್ವಪರಂಪರೆಯ ತಾಣ. ಹವೆ ಒಪ್ಪಿದರೆ ಬೇಸಿಗೆಯಲ್ಲಿ ಹ್ಯಾರಿಸ್‌ನಿಂದ, ಸ್ಕೈ ದ್ವೀಪದಿಂದ ದೋಣಿಗಳು ಹೋಗುತ್ತವೆ. ಹೋಗಿಬಂದವರು ನಮ್ಮಲ್ಲಿದ್ದರೆ ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ಕುರ್ಚಿ ಉರುಳಿಸಬೇಡಿ, ಕಂಡದ್ದನ್ನು ಕಂಡಂತೆ ಬರೆದರೆ ಸಾಕು.