ತರುಣ ದಂಪತಿಗಳಿಗೆ ತಕ್ಕ ಊರು

ಹಿಂದಿನವರಿಗೆ ವಾಸದ ಊರನ್ನು ಆರಿಸಿಕೊಳ್ಳುವ ಪ್ರಸಂಗವೇ ವಿರಳವಾಗಿತ್ತು. ಹೊಲಮನೆಗಳಿದ್ದವರು ಹುಟ್ಟಿದ ಗ್ರಾಮದಲ್ಲಿಯೇ ಬಾಳಿದರು. ಸರ್ಕಾರದ ಚಾಕರಿಗೆ ಸೇರಿದವರು ವರ್ಗವಾದ ಕಡೆಗೆ ಪಾತ್ರೆಪದಾರ್ಥಗಳನ್ನು ಕಟ್ಟಿಕೊಂಡು ನಡೆದರು. ನಾವು ಉಪಾಧ್ಯಾಯರಾಗಿ ಕಂಡ ಊರುಗಳಲ್ಲಿ ಒಂದನ್ನಾದರೂ ನಾವಾಗಿ ಆರಿಸಿದ್ದಿಲ್ಲ. ಮೇಲಿನ ಕಛೇರಿಯಿಂದ ಬಂದ ಹುಕುಮೇ ಆರಿಸಿತು. ಆದರೆ 2020ರ ಮಹಾವ್ಯಾಧಿಯ ತರುವಾಯ, ಮನೆಯಲ್ಲಿ ಕುಳಿತು ಗಣಕಯಂತ್ರದ ಮೂಲಕವೇ ಉದ್ಯೋಗವನ್ನು ನಡೆಸುವ ರೂಢಿ ಹಬ್ಬಿ, ಎಲ್ಲಿ ಬಾಳಬೇಕೆಂಬುದನ್ನು ತಾವೇ ನಿಶ್ಚಯಿಸಬಹುದಾದ ಒಂದು ತರುಣವರ್ಗವು ನಮ್ಮಲ್ಲಿ ತಲೆದೋರಿದೆ. ಬೆಂಗಳೂರಿನ ಬಾಡಿಗೆಗೂ ವಾಹನಸಂದಣಿಗೂ ಬೇಸತ್ತ ಈ ದಂಪತಿಗಳು ಕೇಳುವ ಪ್ರಶ್ನೆ ಒಂದೇ: ಖರ್ಚು ಮಿತವಾಗಿರಬೇಕು, ಊರು ಮಾತ್ರ ನಿದ್ದೆಹೋಗಿರಬಾರದು, ಅಂತಹ ಸ್ಥಳ ಯಾವುದು?

ಪ್ರಶ್ನೆ ಹೊಸದೆಂದು ಭಾವಿಸಬೇಕಾದುದಿಲ್ಲ. ದುಡಿಮೆಗೆ ಹಣ ಕೊಡಬಲ್ಲವರೂ, ವಿದ್ಯೆ ಕಲಿಸಬಲ್ಲವರೂ, ಕಾಪಾಡುವ ಪ್ರಭುತ್ವವೂ, ನೀರೂ, ವೈದ್ಯನೂ ಇರುವ ಸ್ಥಳವೇ ವಾಸಯೋಗ್ಯವೆಂಬುದು ನಮ್ಮ ನೀತಿಕಾರರ ಮತ. ನಾಗರಕನ ದಿನಚರಿಯನ್ನು ವರ್ಣಿಸುವ ವಾತ್ಸ್ಯಾಯನನು ಇನ್ನೂ ಮುಂದೆ ಹೋಗುತ್ತಾನೆ. ಸಜ್ಜನರಿರುವ ನಗರದಲ್ಲಿಯೋ ಪಟ್ಟಣದಲ್ಲಿಯೋ ನೆಲಸಬೇಕೆಂದೂ, ಇಲ್ಲವಾದರೆ ಜೀವನೋಪಾಯವು ಕರೆದ ಕಡೆಗೆ ಹೋಗಬೇಕೆಂದೂ ಹೇಳಿ, ದೇವತೋತ್ಸವ, ಗೋಷ್ಠಿ, ಉದ್ಯಾನವಿಹಾರ ಮೊದಲಾದುವನ್ನು ನಗರಜೀವನದ ವಿನೋದಗಳಾಗಿ ಎಣಿಸಿದ್ದಾನೆ. (ಪಾನಗೋಷ್ಠಿಯನ್ನೂ ಎಣಿಸಿದ್ದಾನೆ, ಗೃಹಸ್ಥರು ಓದುವ ಪತ್ರಿಕೆಯಲ್ಲಿ ಅದನ್ನು ನಾವು ವಿಸ್ತರಿಸಲಾರೆವು.) ಸಂಜೆ ಕೆಲಸ ಮುಗಿಸಿದವರು, ಕೈಯಿಂದ ಹೆಚ್ಚು ಹಣ ಬಿಚ್ಚದೆ, ನಾಲ್ಕು ಜನರ ನಡುವೆ ಹೋಗಿ ಕುಳಿತುಕೊಳ್ಳಲು ಸ್ಥಳಗಳಿದ್ದರೆ ಅದನ್ನೇ ನಾವು ಲವಲವಿಕೆಯ ಊರೆಂದು ಕರೆಯುತ್ತೇವೆ. ಗಾಜಿನ ಮಳಿಗೆಗಳ ಸಂಖ್ಯೆಯಿಂದ ಇದನ್ನು ಅಳೆಯಲಾಗದು.

ಕಳೆದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಪತ್ನೀಸಮೇತನಾಗಿ ಬಂದು ಈ ವಿಚಾರವನ್ನೇ ಎತ್ತಿದನು. ಮದುವೆಯಾಗಿ ಮೂರು ವರ್ಷ. ತಂದೆತಾಯಿಗಳು ಮಂಡ್ಯದ ಕಡೆಯವರು. ಆತನದು ಗಣಕಯಂತ್ರದ ಕೆಲಸ. ತಿಂಗಳಿಗೆ ಎರಡು ದಿನ ಬೆಂಗಳೂರಿನ ಕಛೇರಿಯಲ್ಲಿ ಮುಖ ತೋರಿಸಿದರೆ ಸಾಕು. ಆಕೆ ಮಾತು ತಡವರಿಸುವ, ಕಿವಿ ಮಂದವಾದ ಮಕ್ಕಳಿಗೆ ಶಿಕ್ಷಣ ಕೊಡುವ ತಜ್ಞೆ, ಆಸ್ಪತ್ರೆಯೊಂದರಲ್ಲಿ ನೌಕರಿ, ಹೋಗಿಬರಲು ದಿನಕ್ಕೆ ಎರಡು ಗಂಟೆ. ಕಾಗದದ ಮೇಲೆ ಲೆಕ್ಕ ಹಾಕಿಯೇ ತಂದಿದ್ದರು.

“ಮೈಸೂರಿಗೆ ಹೋದರೆ ಬಾಡಿಗೆಯಲ್ಲಿಯೇ ತಿಂಗಳಿಗೆ ಹನ್ನೆರಡು ಸಾವಿರ ಉಳಿಯುತ್ತದೆ, ಮೇಷ್ಟ್ರೇ” ಎಂದನು ಆತ. ಆಕೆ ಸುಮ್ಮನಿದ್ದಳು.

“ನಿನ್ನ ಕೆಲಸದ ಗತಿಯೇನಮ್ಮ?” ಎಂದೆವು.

“ಅಲ್ಲಿಗೆ ಹೋದ ಮೇಲೆ ಹುಡುಕಬೇಕು, ಮೇಷ್ಟ್ರೇ.”

ಕಾಗದವನ್ನು ತಿರುಗಿಸಿ ನೋಡಿದೆವು. ಆಕೆಯ ಸಂಬಳದ ಸಾಲೇ ಅದರಲ್ಲಿರಲಿಲ್ಲ.

ಇಲ್ಲಿಯೇ ಅನೇಕರ ಗಣಿತವು ಎಡವುವುದು. ಆಕೆಗೆ ಬರುತ್ತಿದ್ದುದು ತಿಂಗಳಿಗೆ 28,000 ರೂಪಾಯಿ. ಹೊಸ ಊರಿನಲ್ಲಿ ಆರು ತಿಂಗಳು ಕೆಲಸ ದೊರೆಯದಿದ್ದರೆ ಹೋಗುವುದು 1,68,000. ಅದೇ ಆರು ತಿಂಗಳಲ್ಲಿ ಬಾಡಿಗೆಯಿಂದ ಉಳಿಯುವುದು 72,000. ಅಗ್ಗದ ಊರೆಂದು ಹೋದವರಿಗೆ 96,000 ರೂಪಾಯಿ ಕೈಬಿಟ್ಟಂತಾಯಿತು. ಸಾಮಾನು ಸಾಗಿಸಿದ ವೆಚ್ಚ ಬೇರೆ. ಗಂಡನ ಕೆಲಸವಿದ್ದಲ್ಲಿ ಹೆಂಡತಿ ಎಂಬ ಕಾಲದ ಲೆಕ್ಕವನ್ನು ಇಬ್ಬರೂ ದುಡಿಯುವ ಮನೆಯಲ್ಲಿ ಹಾಕಿದರೆ ತಾಳೆಯಾಗುವುದಿಲ್ಲ. ಅತ್ತ, ಆಕೆ ಬಸ್ಸಿನಲ್ಲಿ ಕಳೆಯುತ್ತಿದ್ದ ಕಾಲವನ್ನೂ ಅವರು ಬರೆದಿರಲಿಲ್ಲ. ತಿಂಗಳಿಗೆ ಇಪ್ಪತ್ತೆರಡು ದಿನ, ದಿನಕ್ಕೆ ಎರಡು ಗಂಟೆ ಎಂದರೆ ನಲವತ್ತನಾಲ್ಕು ಗಂಟೆ. ಅದಕ್ಕೆ ಬೆಲೆ ಕಟ್ಟುವುದು ಕಷ್ಟವಾದರೂ, ಒಂದು ಸಾಲನ್ನಾದರೂ ಅದಕ್ಕೆ ಬಿಡಬೇಕು.

ಮೈಸೂರಿನ ಗುಣಗಳನ್ನು ನಾವು ವರ್ಣಿಸಬೇಕೆ? 1903ರಲ್ಲಿಯೇ ನಗರಾಭಿವೃದ್ಧಿ ಮಂಡಲಿಯನ್ನು ಪಡೆದ ಊರು ಅದು. ಅಗಲವಾದ ಬೀದಿಗಳಿಗೂ ಮರಗಳ ಸಾಲಿಗೂ ಅಂದಿನಿಂದ ತಳಹದಿ ಬಿದ್ದಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ, ಭಾನುವಾರ ಚಾಮುಂಡಿಯ ಸಾವಿರ ಮೆಟ್ಟಿಲು, ಮನಸ್ಸು ಬಂದಾಗ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಇವಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ. 1989ರಲ್ಲಿ ಬಿ. ವಿ. ಕಾರಂತರ ಮುಖ್ಯಸ್ಥಿಕೆಯಲ್ಲಿ ಮೊದಲಾದ ರಂಗಾಯಣವು ನಾಟಕ ನೋಡುವ ಒಂದು ಕುಲವನ್ನೇ ಬೆಳೆಸಿದೆ. ವಾಣೀವಿಲಾಸ ಮೊಹಲ್ಲಾದ ಎಂಟನೆಯ ಅಡ್ಡರಸ್ತೆಯಲ್ಲಿ ಗಣೇಶೋತ್ಸವದ ಸಂಗೀತ ಕಛೇರಿಗಳನ್ನು ಬೀದಿಯಲ್ಲಿ ಕುಳಿತೇ ಕೇಳಬಹುದು, ಗೋಷ್ಠಿಯೆಂದರೆ ಇಂತಹುದು. ಆದರೆ ಹತ್ತು ದಿನಗಳ ದಸರೆಯನ್ನು ನೋಡಿ ಊರನ್ನು ಅಳೆಯಬಾರದು. ದೀಪಗಳನ್ನು ಬಿಚ್ಚಿದ ಮೇಲಿನ ಮಂಗಳವಾರ ಸಂಜೆಯನ್ನು ನೋಡಬೇಕು. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದುದರಿಂದ ಎರಡು ಊರುಗಳೂ ಹತ್ತಿರವಾದುವು, ನಿಜ. ಬೆಂಗಳೂರಿನೊಳಗೆ ಕಾಲಿಟ್ಟ ಮೇಲೆ ಉಳಿಸಿದ ಕಾಲವನ್ನು ಅಲ್ಲಿನ ಬೀದಿಗಳೇ ಮರಳಿ ಕಸಿದುಕೊಳ್ಳುತ್ತವೆ.

ಆತನಿಗೆ ಮೈಸೂರೇ ಮನಸ್ಸು. ಮಂಡ್ಯವೂ ದಾರಿಯಲ್ಲಿಯೇ ಇದೆ. ಆಕೆಯ ಆಕ್ಷೇಪವೊಂದು ನಮಗೆ ಯುಕ್ತವಾಗಿ ತೋರಿತು. ಆಕೆಯ ವಿದ್ಯೆಯನ್ನೇ ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಮೈಸೂರಿನಲ್ಲಿದೆ. ತಜ್ಞರನ್ನು ವರ್ಷವರ್ಷವೂ ತಯಾರಿಸುವ ಊರಿನಲ್ಲಿ ತಜ್ಞರಿಗೇನು ಬರ? ಕುಂಬಾರಗೇರಿಯಲ್ಲಿ ಮಡಕೆ ಮಾರಿದಂತಾದೀತು ಎಂಬುದು ಆಕೆಯ ಶಂಕೆ.

ಮಂಗಳೂರನ್ನು ಅವರು ಬೇಗನೆ ಬಿಟ್ಟರು. ಕಡಲತೀರ, ಯಕ್ಷಗಾನ, ಊಟೋಪಚಾರ, ಒಳ್ಳೆಯ ಆಸ್ಪತ್ರೆಗಳು ಎಲ್ಲವೂ ಸರಿಯೆ. ಆದರೆ ತಿಂಗಳಿಗೊಮ್ಮೆ ಘಟ್ಟ ಹತ್ತಬೇಕಾದವನಿಗೆ ಮಳೆಗಾಲವು ದೊಡ್ಡ ವಿಘ್ನ. 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಗುಡ್ಡ ಕುಸಿದು ರೈಲುಗಳೇ ನಿಂತುಹೋದುದನ್ನು ಆತ ಮರೆತಿರಲಿಲ್ಲ.

ಉಳಿದುದು ಧಾರವಾಡ. ಹಳೆಯ ಮೈಸೂರಿನವರಿಗೆ ಇದು ಪೇಡೆಯ ಊರೆಂದಷ್ಟೇ ಪರಿಚಯ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣವೂ, 1933ರಲ್ಲಿ ಮೊದಲಾದ ಮನೋಹರ ಗ್ರಂಥಮಾಲೆಯ ಅಟ್ಟವೂ, ಬೇಂದ್ರೆಯವರ ಸಾಧನಕೇರಿಯೂ ಒಂದು ಸಂಜೆಯ ನಡಿಗೆಗೆ ಸಿಕ್ಕುವಂತಹವು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇವರು ಬಾಳಿದ ಊರಿನಲ್ಲಿ ಸಂಗೀತವು ಶ್ರೀಮಂತರ ಶೋಕಿಯಾಗಿ ಉಳಿದಿಲ್ಲ. ಪಕ್ಕದ ಹುಬ್ಬಳ್ಳಿಯು ಗಂಗೂಬಾಯಿ ಹಾನಗಲ್ಲರ ಊರು. ಒಂದು ಊರಿನ ಶಾಂತಿಯೂ ಇನ್ನೊಂದರ ವ್ಯಾಪಾರವೂ ಒಂದೇ ಸಂಸಾರಕ್ಕೆ ದೊರೆಯುವುದು ಈ ಜೋಡಿನಗರದ ವಿಶೇಷ. ಎರಡರ ನಡುವೆ ಸುಮಾರು 22 ಕಿಲೋಮೀಟರು. 2018ರಲ್ಲಿ ಸಂಚಾರಕ್ಕೆ ಬಂದ ‘ಚಿಗರಿ’ ಬಸ್ಸುಗಳಿಗಾಗಿ ಪ್ರತ್ಯೇಕ ಪಥವನ್ನೇ ಕಟ್ಟಿದ್ದಾರೆ. ಆಕೆ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಮೊದಲೇ ಪತ್ರ ಬರೆದು, ಒಂದು ಕಡೆಯಿಂದ ಸಂಬಳವನ್ನು ನಮೂದಿಸಿದ ಉತ್ತರವನ್ನು ತರಿಸಿಕೊಂಡಿದ್ದಳು. ಪೂರ್ವದ ಸಂಬಳಕ್ಕಿಂತ ಮೂರು ಸಾವಿರ ಕಡಿಮೆ; ಆದರೂ ಶೂನ್ಯವಲ್ಲ.

ದೋಷಗಳೂ ಅಲ್ಪವಲ್ಲ. ಬೆಂಗಳೂರು ಒಂದು ರಾತ್ರಿಯ ಪ್ರಯಾಣ. 2023ರ ಜೂನಿನಲ್ಲಿ ವಂದೇ ಭಾರತ ರೈಲು ಬಂದ ಮೇಲೂ ಅರ್ಧ ದಿನ ಅದಕ್ಕೆ ಮೀಸಲು. ವೃದ್ಧ ತಂದೆಗೆ ಜ್ವರವೆಂದರೆ ಮೈಸೂರಿನಿಂದ ಮಧ್ಯಾಹ್ನದೊಳಗೆ ಮಂಡ್ಯ ಮುಟ್ಟಬಹುದು; ಧಾರವಾಡದಿಂದ ಮರುದಿನ. ಇನ್ನು ನೀರಿನ ವಿಚಾರ. ಅವಳಿನಗರದ ಕೆಲವು ಭಾಗಗಳಲ್ಲಿ 2008ರಿಂದ ಹಗಲಿರುಳೂ ನಲ್ಲಿಯಲ್ಲಿ ನೀರು ಬರುವ ಏರ್ಪಾಡು ಮೊದಲಾಯಿತು. ಮಿಕ್ಕ ಕಡೆಗಳಲ್ಲಿ ಹಲವು ದಿನಗಳಿಗೊಮ್ಮೆ ಬಿಡುವ ಪದ್ಧತಿಯೇ ವರ್ಷಗಟ್ಟಲೆ ನಡೆದುಬಂತು. ಆದುದರಿಂದ ಒಂದೇ ಬಾಡಿಗೆಯ ಎರಡು ಮನೆಗಳ ನಡುವೆ ಅಜಗಜಾಂತರವಿರಬಹುದು. ಇವರು ನೋಡಿದ ಮನೆಯ ಯಜಮಾನಿ ಮರೆಮಾಚದೆ ಹೇಳಿದಳಂತೆ: “ನೀರ ಬಂದ ದಿವಸ ತುಂಬಿಸಿ ಇಟ್ಕೋಬೇಕ್ರೀ ಅಕ್ಕಾರ.” ತೊಟ್ಟಿಯ ಅಳತೆ ಕೇಳಿ, ಆಕೆ ಬೇರೆ ಮನೆ ಹುಡುಕಿದಳು.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇಬ್ಬರ ಕೆಲಸವೂ ಮನೆಯಿಂದಲೇ ನಡೆಯುವಂತಹುದಾದರೆ ಮೈಸೂರನ್ನೇ ಹೇಳುತ್ತಿದ್ದೆವು. ಇವರ ಪ್ರಸಂಗದಲ್ಲಿ ಧಾರವಾಡದ ಕಡೆಗೆ ತೂಗಿದೆವು. ಹೆಂಡತಿಯು ದುಡಿಮೆಯನ್ನು ಬಿಟ್ಟು ಮನೆಯಲ್ಲಿ ಕುಳಿತು, ಪರಿಚಯವಿಲ್ಲದ ಬೀದಿಯನ್ನು ಕಿಟಕಿಯಿಂದ ನೋಡುವಂತಾದರೆ, ರಂಗಮಂದಿರಗಳು ಹತ್ತಿದ್ದರೂ ಆಕೆಗೆ ಆ ಊರು ಬರಡೇ. ಆತ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದನೆಂದು ಆಮೇಲೆ ತಿಳಿಯಿತು. ತಂದೆತಾಯಿಗಳನ್ನು ಎರಡು ತಿಂಗಳಿಗೊಮ್ಮೆ ನೋಡಿಬರುವುದೆಂದೂ, ಮಳೆಗಾಲದಲ್ಲಿ ಅವರನ್ನೇ ಕರೆಸಿಕೊಳ್ಳುವುದೆಂದೂ ಗೊತ್ತುಮಾಡಿಕೊಂಡ ಮೇಲೆ ಒಪ್ಪಿದನಂತೆ.

ಇಷ್ಟಾದರೂ ಸಾಮಾನನ್ನು ಒಮ್ಮೆಲೇ ಸಾಗಿಸಬೇಡಿರೆಂದು ನಾವು ಹೇಳಿದೆವು. ಇತರರಿಗೂ ಅದನ್ನೇ ಹೇಳುವೆವು. ಒಂದು ತಿಂಗಳ ಮಟ್ಟಿಗೆ ಎರಡು ಪೆಟ್ಟಿಗೆಗಳೊಡನೆ ಹೋಗಿ ಇರಬೇಕು. ಅದೂ ಊರಿನ ಕೆಟ್ಟ ಋತುವಿನಲ್ಲಿ: ಧಾರವಾಡವಾದರೆ ಬಿಡದೆ ಹನಿಯುವ ಜಡಿಮಳೆಯಲ್ಲಿ, ಮಂಗಳೂರಾದರೆ ಏಪ್ರಿಲಿನ ಸೆಕೆಯಲ್ಲಿ. ಆ ತಿಂಗಳಲ್ಲಿ ಉದ್ಯೋಗವನ್ನು ಯಥಾಪ್ರಕಾರ ಮಾಡುತ್ತಲೇ, ತರಕಾರಿ ಕೊಂಡು, ರಾತ್ರಿ ಒಂಬತ್ತಕ್ಕೆ ಆಟೋ ಹಿಡಿದು, ಒಮ್ಮೆಯಾದರೂ ವೈದ್ಯರಲ್ಲಿಗೆ ಹೋಗಿಬರಬೇಕು. ಹೆಂಗಸೊಬ್ಬಳೇ ಸಂಜೆ ನಡೆದು ಬರುವ ದಾರಿಯನ್ನು ಆಕೆಯೇ ನಡೆದು ನೋಡಬೇಕು. ಗಂಡನ ಅಭಯವಚನ ಅದಕ್ಕೆ ಸಾಲದು.

ಮನೆ ಹಿಡಿಯುವಾಗ ಪತ್ರವನ್ನು ಪೂರ್ತಿ ಓದಿರಿ. ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರಿಗೆ 1908ರ ಕಾಯಿದೆಯ ಪ್ರಕಾರ ನೋಂದಣಿ ಅವಶ್ಯಕವಾದುದರಿಂದ ಹನ್ನೊಂದು ತಿಂಗಳ ಪತ್ರವೇ ರೂಢಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಸಂಪ್ರದಾಯ ಬೆಳೆದಿತ್ತು. ಕೇಂದ್ರಸರ್ಕಾರವು 2021ರಲ್ಲಿ ಹೊರಡಿಸಿದ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳೆಂದು ಮಿತಿ ಹೇಳಿತು. ಅದು ಮಾದರಿಯಷ್ಟೆ, ಮಾತಿಗೆ ಆಧಾರವಾಗಿ ಇಟ್ಟುಕೊಳ್ಳಬಹುದು. ಬೆಂಗಳೂರಿನ ಮುಂಗಡವು ಕೈಸೇರುವ ಮೊದಲು ಹೊಸ ಊರಿನ ಮುಂಗಡವನ್ನು ಸಾಲದಿಂದ ಕೊಡಬೇಡಿರಿ. ಮನೆ ಬಿಡುವಾಗ ಸುಣ್ಣಬಣ್ಣದ ವೆಚ್ಚ ಯಾರದು, ಎಷ್ಟು ಎಂಬುದನ್ನು ಬರಹದಲ್ಲಿಯೇ ಕಾಣಿಸಿ, ಇಬ್ಬರ ಹೆಸರಿನಲ್ಲಿಯೂ ಪತ್ರ ಮಾಡಿಸಿಕೊಳ್ಳಿರಿ.