ಕರೆಂಟ್ ಕಾರು: ಸಿದ್ದಾಪುರದ ಲೆಕ್ಕವೇ ಬೇರೆ!

ಸಿದ್ದಾಪುರ: ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದೇ ತಡ, ಕಿರಾಣಿ ಅಂಗಡಿ ಕಟ್ಟೆಯಿಂದ ಹಿಡಿದು ಬಸ್ಸಿನ ಹಿಂದಿನ ಸೀಟಿನವರೆಗೆ ಒಂದೇ ಮಾತು. “ಕರೆಂಟ್ ಕಾರು ತಗಂಡ್ರೆ ಹೆಂಗೆ?” ಟಿ.ವಿ. ಜಾಹೀರಾತು ನೋಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಎನ್ನುತ್ತದೆ. ಊರಿನ ಹಳಬರನ್ನು ಕೇಳಿದರೆ “ಮನೇಲಿ ದೀಪಕ್ಕೇ ಕರೆಂಟಿಲ್ಲ, ಇನ್ನು ಕಾರಿಗೆಲ್ಲಿಂದ ತರ್ತೀಯೋ” ಎನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ, ಎರಡೂ ಪೂರ್ತಿ ನಿಜವೂ ಅಲ್ಲ. ಏಳೆಂಟು ಲಕ್ಷ ರೂಪಾಯಿಯ ವ್ಯವಹಾರ. ಬಹುಪಾಲು ಬ್ಯಾಂಕಿನ ಸಾಲ. ಕಂತು ಶುರುವಾದ ಮೇಲೆ ಲೆಕ್ಕ ಹಾಕುವುದಕ್ಕಿಂತ ಮುಂಗಡ ಕೊಡುವ ಮುಂಚೆ ಹಾಕುವುದು ಜಾಣತನ.

ಅಶೋಕನ ಶಾಸನದ ಊರು ಎಂದು ಹೊರಗಿನವರು ಬಲ್ಲ ಸಿದ್ದಾಪುರ ಮೊಳಕಾಲ್ಮೂರು ತಾಲ್ಲೂಕಿನ ಬಡಗಣ ಮೂಲೆಯಲ್ಲಿದೆ. ಬೆಂಗಳೂರು ಇಲ್ಲಿಗೆ 200 ಕಿ.ಮೀ.ಗೂ ಹೆಚ್ಚು ದೂರ. ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕೆ ಹೋಗಿ ಬಂದರೆ 150 ಕಿ.ಮೀ. ದಾಟುತ್ತದೆ. ಬಳ್ಳಾರಿಗೆ ಹೋಗಿ ಬಂದರೆ ಸುಮಾರು ನೂರು. ಸಂತೆ, ಆಸ್ಪತ್ರೆ, ಮದುವೆ ಜವಳಿ ಎಲ್ಲಕ್ಕೂ ಜನ ಬಳ್ಳಾರಿಯತ್ತ ಮುಖ ಮಾಡುವುದು ಇದಕ್ಕೇ. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಬರುವವನ ಲೆಕ್ಕ ಇಲ್ಲಿ ನಡೆಯದು.

ರೇವಾ ಕಲಿಸಿದ ಪಾಠ

ಕರೆಂಟ್ ಕಾರು ನಿನ್ನೆ ಮೊನ್ನೆಯ ಬಾಲಕನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ ‘ರೇವಾ’ ಎಂಬ ಎರಡು ಬಾಗಿಲ ಪುಟ್ಟ ಕಾರನ್ನು ಮಾರಾಟಕ್ಕೆ ಬಿಟ್ಟಿತ್ತು. ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ ಬೀದಿಯಲ್ಲೂ ಓಡಾಡಿತು. ಒಳಗಿದ್ದದ್ದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. ಪೂರ್ತಿ ಚಾರ್ಜಿಗೆ 80 ಕಿ.ಮೀ. ಎನ್ನುತ್ತಿದ್ದರು. ಊರೊಳಗೆ ಓಡಾಡುವವರಿಗೆ, ಮನೆಯಲ್ಲೇ ಪ್ಲಗ್ ಇದ್ದವರಿಗೆ ಅದು ಸಾಕಾಗಿತ್ತು. ಪರಊರಿಗೆ ಹೋಗುವವರು ಅದರ ಹತ್ತಿರ ಸುಳಿಯಲಿಲ್ಲ. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಒ’ ಬಂತು.

ಈಗಿನ ಕಾರುಗಳು ರೇವಾಕ್ಕಿಂತ ಎಷ್ಟೋ ಮುಂದೆ ಬಂದಿವೆ, ನಿಜ. 2022ರಲ್ಲಿ ಬಂದ ಟಾಟಾ ಟಿಯಾಗೋ ಕರೆಂಟ್ ಕಾರಿನ ದೊಡ್ಡ ಬ್ಯಾಟರಿ 24 ಯೂನಿಟ್ ಹಿಡಿಯುತ್ತದೆ. ಬಿಡುಗಡೆಯಾದಾಗ ಕಂಪನಿ ಹೇಳಿದ್ದು 315 ಕಿ.ಮೀ. ಆದರೆ ಅದು ಪರೀಕ್ಷೆಯ ಅಂಕಿ. ನಾಲ್ಕು ಜನ ಕೂತು, ಎ.ಸಿ. ಹಾಕಿ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೊರಟರೆ ಅದರಲ್ಲಿ ಮೂರನೇ ಒಂದು ಪಾಲು ಕಳೆದು ಲೆಕ್ಕ ಹಾಕುವುದು ಕ್ಷೇಮ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎ.ಸಿ. ಇಲ್ಲದೆ ಕೂರುವವರು ಯಾರು ಸ್ವಾಮಿ? ಹಾಗಾಗಿ ಬಳ್ಳಾರಿಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಚಿತ್ರದುರ್ಗಕ್ಕೆ ಹೋಗಿ ಬರುವುದು ಮಾತ್ರ ಕೊನೆಯ ಹತ್ತು ಹದಿನೈದು ಕಿ.ಮೀ.ಯಲ್ಲಿ ಎದೆ ಹೊಡೆದುಕೊಳ್ಳುವ ಪ್ರಯಾಣ.

ಅರವತ್ತು ಕಿ.ಮೀ.ಗೆ ಲಾಭ, ಇಪ್ಪತ್ತಕ್ಕೆ?

ಈಗ ಶುದ್ಧ ವ್ಯಾಪಾರದ ಲೆಕ್ಕ. ಚಳ್ಳಕೆರೆಯ ವ್ಯಾಪಾರಿಯೊಬ್ಬರು ದಿನಾ ಚಿತ್ರದುರ್ಗಕ್ಕೆ ಹೋಗಿ ಬರುತ್ತಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 60 ಕಿ.ಮೀ.; ತಿಂಗಳಿಗೆ 25 ದಿನದಂತೆ 1,500 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ 18 ಕಿ.ಮೀ. ಕೊಟ್ಟರೆ, ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ, ತಿಂಗಳಿಗೆ ಸುಮಾರು 8,600 ರೂಪಾಯಿ ಬಂಕಿಗೆ ಹೋಯಿತು.

ಸಣ್ಣ ಕರೆಂಟ್ ಕಾರು ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಅದೇ 1,500 ಕಿ.ಮೀ.ಗೆ 215 ಯೂನಿಟ್. ತೆರಿಗೆ, ಸರ್‌ಚಾರ್ಜು ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೂ ಸುಮಾರು 1,500 ರೂಪಾಯಿ. ಜಾಹೀರಾತಿನವರ ‘ಕಿಲೋಮೀಟರಿಗೆ ಒಂದು ರೂಪಾಯಿ’ ಬಂದದ್ದು ಇಲ್ಲಿಂದ.

ಆದರೆ ಜಾಹೀರಾತಿನವರು ಹೇಳದ ಮಾತೊಂದಿದೆ. ಅದು ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ಸರಾಸರಿ ದಾಟಿದರೆ ದಾಟಿದಷ್ಟಕ್ಕೆ ಹಣ. 200 ದಾಟಿದರೆ? ಪೂರ್ತಿ ಬಿಲ್ಲು ನಿಮ್ಮ ತಲೆಗೆ! ಮನೆಗೆ 70 ಯೂನಿಟ್, ಕಾರಿಗೆ 215, ಒಟ್ಟು 285. ಇಷ್ಟು ದಿನ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಈಗ ಎರಡು ಸಾವಿರದ ಬಿಲ್ಲು. ಅಂದರೆ ಕಾರಿನ ನಿಜವಾದ ಖರ್ಚು 1,500 ಅಲ್ಲ, 2,000.

ಹಾಗಿದ್ದೂ ತಿಂಗಳಿಗೆ ಆರೂವರೆ ಸಾವಿರ ಉಳಿಯಿತು. ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಕರೆಂಟ್ ಕಾರಿಗೆ 3 ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎಂದು ಹಿಡಿದರೆ, ಆ ಹಣ ವಾಪಸ್ ಬರಲು ಹತ್ತಿರ ಹತ್ತಿರ ನಾಲ್ಕು ವರ್ಷ ಸಾಕು. ಅಲ್ಲಿಂದಾಚೆಗೆ ಓಡಿದ್ದೆಲ್ಲ ಲಾಭ.

ದಿನಕ್ಕೆ ಬರೀ 20 ಕಿ.ಮೀ. ಓಡಿಸುವವರ ಕಥೆಯೇ ಬೇರೆ. ಅವರಿಗೆ ತಿಂಗಳಿಗೆ ಉಳಿಯುವುದು ಸುಮಾರು 2,400 ರೂಪಾಯಿ. ಮೂರು ಲಕ್ಷ ವಾಪಸ್ ಬರಲು ಹತ್ತು ವರ್ಷಕ್ಕೂ ಹೆಚ್ಚು! ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ ಕೊಡುವ ಗ್ಯಾರಂಟಿ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿ.ಮೀ. ಲಾಭ ಕೈಗೆ ಬರುವ ಹೊತ್ತಿಗೆ ಗ್ಯಾರಂಟಿ ಮುಗಿದಿರುತ್ತದೆ. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೊಮ್ಮೆ ಜಾತ್ರೆಗೆ ಹೋಗುವವರು ಶೋಕಿಗೆ ಕೊಂಡರೆ ಕೊಳ್ಳಲಿ, ಉಳಿತಾಯಕ್ಕೆಂದು ಕೊಳ್ಳಬೇಡಿ. ಇನ್ನು ಬಸ್ಸಿನಲ್ಲೇ ಸಾಗುವ ದಾರಿಯಾದರೆ ಬಸ್ಸೇ ಮೇಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೇ ಪುಕ್ಕಟೆಯಾಗಿದೆ!

2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿ.ಎಸ್.ಟಿ. ಶೇ 28ರಿಂದ 18ಕ್ಕೆ ಇಳಿಯಿತು. ಕರೆಂಟ್ ಕಾರಿಗೆ ಮೊದಲಿನ ಶೇ 5 ಹಾಗೇ ಉಳಿಯಿತು. ಪೆಟ್ರೋಲ್ ಕಾರು ಅಗ್ಗವಾಗಿ ಎರಡರ ನಡುವಿನ ಅಂತರ ಹಿಗ್ಗಿತು. ರಸ್ತೆ ತೆರಿಗೆಯಲ್ಲೂ ಹೀಗೆಯೇ ನಿಯಮ ತಿರುಗುತ್ತಿರುತ್ತದೆ. ಕರೆಂಟ್ ಗಾಡಿಗೆ ತೆರಿಗೆಯೇ ಇಲ್ಲ ಎನ್ನುತ್ತಿದ್ದ ರಾಜ್ಯ ಸರ್ಕಾರ 2024ರಲ್ಲಿ 25 ಲಕ್ಷ ದಾಟಿದ ಕಾರಿಗೆ ಶೇ 10 ಹಾಕಿತು. ಆದ್ದರಿಂದ ಷೋರೂಮಿನವರ ಮಾತಿಗೆ ತಲೆಯಾಡಿಸದೆ, ಕೊಳ್ಳುವ ದಿನ ಆರ್.ಟಿ.ಓ. ಕಚೇರಿಯಲ್ಲೇ ಕೇಳಿ ತಿಳಿಯುವುದು ಒಳ್ಳೆಯದು.

ಕಾರು ರಾತ್ರಿ ಎಲ್ಲಿ ಮಲಗುತ್ತದೆ?

ಹಣದ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ ಇದು. ಕರೆಂಟ್ ಕಾರಿನ ಬಂಕು ಎಂದರೆ ಮನೆಯ ಗೋಡೆಯ ಮೇಲಿನ 15 ಆಂಪ್ ಪ್ಲಗ್ಗು. ಸಾಮಾನ್ಯ ಚಾರ್ಜರ್ ಗಂಟೆಗೆ ಮೂರು ಯೂನಿಟ್ಟಿಗೆ ಸ್ವಲ್ಪ ಮೇಲೆ ಎಳೆಯುತ್ತದೆ. ಒಂದು ಗಂಟೆ ಹಾಕಿದರೆ ಇಪ್ಪತ್ತು ಕಿ.ಮೀ. ಸಿಕ್ಕಿತು. ಅರವತ್ತು ಕಿ.ಮೀ.ಗೆ ಮೂರು ಗಂಟೆ. ಬಳ್ಳಾರಿ ಹೋಗಿ ಬರಲು ಐದು ಗಂಟೆ. ರಾತ್ರಿ ಹತ್ತಕ್ಕೆ ಚುಚ್ಚಿದರೆ ಬೆಳಗಿನ ಜಾವಕ್ಕೆ ಕೆಲಸ ಮುಗಿದಿರುತ್ತದೆ. ಸ್ವಂತ ಮನೆ, ಮನೆ ಮುಂದೆ ಜಾಗ, ಹತ್ತಿರದಲ್ಲೇ ಮೀಟರು ಇದ್ದವರಿಗೆ ಇದಕ್ಕಿಂತ ಸುಖವಿಲ್ಲ. ಬಾಡಿಗೆ ಮನೆ, ಓಣಿಯಾಚೆ ನಿಲ್ಲಿಸುವ ಕಾರು, ಯಜಮಾನರ ಹೆಸರಿನ ಮೀಟರು ಇದ್ದವರಿಗೆ ದಿನಾ ರಾಮಾಯಣ.

ಪ್ಲಗ್ ಇದ್ದರೂ ಸಾಲದು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟ್. ಕಾರೊಂದೇ ಮೂರಕ್ಕಿಂತ ಹೆಚ್ಚು ಕೇಳುತ್ತದೆ. ಬೆಸ್ಕಾಂ ಕಚೇರಿಗೆ ಅರ್ಜಿ ಹಾಕಿ, ಡಿಪಾಜಿಟ್ ಕಟ್ಟಿ ಲೋಡು ಏರಿಸಿಕೊಳ್ಳಬೇಕು. ಏರಿಸಿದರೆ ತಿಂಗಳ ನಿಗದಿ ಶುಲ್ಕವೂ ಏರುತ್ತದೆ. ಮೀಟರಿನಿಂದ ಪ್ಲಗ್ಗಿನವರೆಗೆ ದಪ್ಪ ತಾಮ್ರದ ವೈರನ್ನು ಪ್ರತ್ಯೇಕವಾಗಿ ಎಳೆಸಬೇಕು, ಅದಕ್ಕೇ ಬೇರೆ ಎಂ.ಸಿ.ಬಿ. ಹಾಕಿಸಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು ಚಾರ್ಜಿಗೆ ಹಾಕುವ ಬುದ್ಧಿವಂತಿಕೆ ಬೇಡವೇ ಬೇಡ. ಗಂಟೆಗಟ್ಟಲೆ ಕರೆಂಟ್ ಎಳೆದು ವೈರು ಕಾದರೆ ಮನೆಗೇ ಬೆಂಕಿ.

ಅರ್ಥಿಂಗ್ ಮಾತು ಇನ್ನೂ ಮುಖ್ಯ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರ್‌ಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಮಳೆ ಅಪರೂಪವಾದ ನಮ್ಮ ಸೀಮೆಯಲ್ಲಿ ಬೇಸಿಗೆಗೆ ನೆಲ ಒಣಗಿ ಬಿರಿಯುತ್ತದೆ. ಉಪ್ಪು, ಇದ್ದಿಲು ತುಂಬಿ ತೋಡಿಸಿದ ಅರ್ಥಿಂಗ್ ಗುಂಡಿಗೂ ಆಗಾಗ ಒಂದು ಕೊಡ ನೀರು ಹುಯ್ಯುತ್ತಿರಬೇಕು. ಎತ್ತಿಗೆ ನೀರು ಕುಡಿಸಿದಂತೆ ಕಾರಿನ ಗುಂಡಿಗೂ ಕುಡಿಸಬೇಕೆಂದಾಯಿತು! ಗುಡುಗು ಸಿಡಿಲಿನ ರಾತ್ರಿ ಪ್ಲಗ್ ಕಿತ್ತಿಡುವುದೂ ಮರೆಯಬಾರದು.

ಟಿಸಿ ಸುಟ್ಟ ರಾತ್ರಿ

ಹಳ್ಳಿಯವರ ನಿಜವಾದ ಭಯ ಇರುವುದು ಇಲ್ಲಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕತ್ತಲಾದರೆ? ಅಂಥ ರಾತ್ರಿಯೇ ಮನೆಯಲ್ಲೊಬ್ಬರಿಗೆ ಎದೆನೋವು ಬಂದು ಬಳ್ಳಾರಿ ಆಸ್ಪತ್ರೆಗೆ ಓಡಬೇಕಾದರೆ? ಪೆಟ್ರೋಲ್ ಕಾರಾದರೆ ಪಕ್ಕದ ಮನೆಯವರ ಬೈಕಿನಿಂದ ಎರಡು ಲೀಟರ್ ಇಳಿಸಿಕೊಂಡು ಹೊರಡಬಹುದು. ಕರೆಂಟನ್ನು ಕ್ಯಾನಿನಲ್ಲಿ ತರಲಾಗದು. ದಾರಿಯಲ್ಲಿ ನಿಂತರೂ ಹಗ್ಗ ಕಟ್ಟಿ ಎಳೆಸುವಂತಿಲ್ಲ. ಚಕ್ರ ಉರುಳಿದರೆ ಮೋಟಾರು ಕೆಡಬಹುದೆಂದು ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು.

ಇದಕ್ಕೆ ಮದ್ದಿಲ್ಲವೆಂದಲ್ಲ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದಿರುವುದು ಮೊದಲ ಮದ್ದು. ಹಿಂದಿನವರು ಮನೆಯಲ್ಲಿ ಯಾವಾಗಲೂ ಒಂದು ಚೀಲ ಜೋಳ ಹೆಚ್ಚಿಗೆ ಇಡುತ್ತಿರಲಿಲ್ಲವೇ, ಹಾಗೆ. ಎರಡನೆಯದು, ಮನೆಗೆ ಒಂದೇ ಕಾರು ಎನ್ನುವವರು, ಅದೂ ದೂರದ ಹಳ್ಳಿಯವರು, ಇನ್ನೂ ನಾಲ್ಕು ದಿನ ಯೋಚಿಸುವುದು.

ರಿಪೇರಿಯ ಮಾತಿನಲ್ಲಿ ಕರೆಂಟ್ ಕಾರೇ ಗೆಲ್ಲುತ್ತದೆ. ಇಂಜಿನ್ ಆಯಿಲ್ ಇಲ್ಲ, ಕ್ಲಚ್ಚಿಲ್ಲ, ಪ್ಲಗ್ ಇಲ್ಲ, ಸೈಲೆನ್ಸರಿಲ್ಲ. ಬ್ರೇಕು ಕೂಡ ತಡವಾಗಿ ಸವೆಯುತ್ತದೆ. ಆದರೆ ಭಾರ ಹೆಚ್ಚಾದ್ದರಿಂದ ಟೈರು ಬೇಗ ಸವೆಯಬಹುದು. ಬ್ಯಾಟರಿ, ಮೋಟಾರು ಕೈಕೊಟ್ಟರೆ ಚಳ್ಳಕೆರೆಯ ಮೇಸ್ತ್ರಿಯ ಸ್ಪ್ಯಾನರ್ ಅಲ್ಲಿ ಕೆಲಸ ಮಾಡದು. ಕಂಪನಿಯವರ ಬಳಿಗೇ ಹೋಗಬೇಕು. ಹಳೆಯ ಪೆಟ್ರೋಲ್ ಕಾರನ್ನು ಸಂತೆಯಲ್ಲಿ ನಿಂತೇ ಮಾರಬಹುದು; ಹಳೆಯ ಕರೆಂಟ್ ಕಾರಿನ ಬ್ಯಾಟರಿಯ ಆಯಸ್ಸು ಕೊಳ್ಳುವವನ ಕಣ್ಣಿಗೆ ಕಾಣದು. ಅವನು ಬೆಲೆ ಮುರಿದೇ ಕೇಳುತ್ತಾನೆ.

ತಲೆ ಮೇಲೆ ಕರೆಂಟು, ದಾರಿಯಲ್ಲಿ ಎಲ್ಲಿ?

ತಮಾಷೆ ನೋಡಿ. ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಷ್ಟು ಜಾಗದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ. ಬಿಸಿಲೂ ನಮ್ಮದೇ, ಗಾಳಿಯೂ ನಮ್ಮದೇ. ಆದರೆ 2024ರ ಲೆಕ್ಕದಂತೆ ರಾಜ್ಯದ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇದ್ದದ್ದು ಬೆಂಗಳೂರು ನಗರ ಜಿಲ್ಲೆಯಲ್ಲೇ! 2017ರಲ್ಲಿ ದೇಶದಲ್ಲೇ ಮೊದಲು ಕರೆಂಟ್ ವಾಹನ ನೀತಿ ತಂದ ರಾಜ್ಯವೆಂಬ ಹೆಗ್ಗಳಿಕೆ ನಮ್ಮದು. ನೀತಿ ರಾಜ್ಯಕ್ಕೆಲ್ಲ, ಚಾರ್ಜರ್ ರಾಜಧಾನಿಗೆ ಎಂದರೆ ಹೇಗೆ?

ಹೊರಗಿನ ವೇಗದ ಚಾರ್ಜರ್‌ನಲ್ಲಿ ಒಂದು ಗಂಟೆಯ ಆಸುಪಾಸಿಗೆ ಸಣ್ಣ ಕಾರಿನ ಮುಕ್ಕಾಲು ಬ್ಯಾಟರಿ ತುಂಬುತ್ತದೆ. ಆದರೆ ಯೂನಿಟ್ಟಿನ ದರ ಮನೆಯದರ ಎರಡು ಮೂರು ಪಟ್ಟು. ದಿನಾ ಅದನ್ನೇ ನಂಬಿದರೆ ಮೇಲೆ ಹೇಳಿದ ಲಾಭದ ಲೆಕ್ಕ ತಲೆಕೆಳಗು. ಆಪತ್ತಿಗೆ ಮಾತ್ರ ಅದು ಬೇಕೇ ಬೇಕು.

ಕೇಂದ್ರ ವಿದ್ಯುತ್ ಮಂತ್ರಾಲಯ 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೆ ಒಂದರಂತೆ ಚಾರ್ಜಿಂಗ್ ಕೇಂದ್ರ ಇರಬೇಕೆಂದು ಬರೆಯಲಾಗಿತ್ತು. ಚಳ್ಳಕೆರೆಯಿಂದ ಹಾನಗಲ್, ರಾಂಪುರ ದಾಟಿ ಬಳ್ಳಾರಿಗೆ ಹೋಗುವ 150ಎ ಕೂಡ ರಾಷ್ಟ್ರೀಯ ಹೆದ್ದಾರಿಯೇ. ಉದ್ದ ಸುಮಾರು ನೂರು ಕಿ.ಮೀ. ಕಾಗದದ ಲೆಕ್ಕಕ್ಕೆ ಒಂದು ಬದಿಗೆ ನಾಲ್ಕು, ಎರಡು ಬದಿಗೆ ಎಂಟು. ಬಸ್ಸಿನಲ್ಲಿ ಹೋಗುವ ಓದುಗರು ಕಿಟಕಿ ಪಕ್ಕ ಕೂತಾಗ ಎಣಿಸಲಿ. ಎಷ್ಟು ಕಾಣುತ್ತವೆ, ಕಂಡವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂದು ಬೆಸ್ಕಾಂ ಕಚೇರಿಗೂ ಶಾಸಕರಿಗೂ ಕೇಳಲಿ. ಎಂಟೂ ಎದ್ದು ನಿಂತು ಎಂಟೂ ಉರಿಯುವ ದಿನ ಸಿದ್ದಾಪುರದ ಒಂಟಿ ಕಾರಿನ ಮನೆಯವರೂ ಧೈರ್ಯವಾಗಿ ಕರೆಂಟ್ ಕಾರು ಕೊಳ್ಳಬಹುದು. ಅಲ್ಲಿಯವರೆಗೆ ದಿನಾ ಅರವತ್ತು ಕಿ.ಮೀ. ಓಡಿಸುವ, ಮನೆ ಮುಂದೆ ಪ್ಲಗ್ ಇರುವ ಚಳ್ಳಕೆರೆಯ ಸಾಹುಕಾರರು ಕೊಳ್ಳಲಿ. ಉಳಿದವರು ಪೆನ್ನು ಕಾಗದ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಲಿ.